ಮೂರ್‌ಗೇಟ್ ಬಂದಾಗ ರೈಲು ತೆವಳೋದು ಯಾಕೆ?

ಲಂಡನ್ನಿಗೆ ಬಂದ ಹೊಸದರಲ್ಲಿ ಒಂದು ವಿಷಯಕ್ಕೆ ನನಗೆ ದಿನಾ ಕಿರಿಕಿರಿ. ಬೆಳಿಗ್ಗೆ ಫಿನ್ಸ್‌ಬರಿ ಪಾರ್ಕಿನಲ್ಲಿ ರೈಲು ಹತ್ತುತ್ತೇನೆ. ಡ್ರೇಟನ್ ಪಾರ್ಕ್ ದಾಟಿದರೆ ಸುರಂಗ. ಓಲ್ಡ್ ಸ್ಟ್ರೀಟ್ ಆದ ಮೇಲೆ ಉಳಿಯೋದು ಒಂದೇ, ಕೊನೆಯ ನಿಲ್ದಾಣ ಮೂರ್‌ಗೇಟ್. ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಿರುತ್ತಾರೆ. (ಈ ವಿಷಯದಲ್ಲಿ ಇಂಗ್ಲಿಷರೂ ನಮ್ಮವರೇ.) ರೈಲು ಮಾತ್ರ ಪ್ಲಾಟ್‌ಫಾರ್ಮ್ ಕಂಡ ಕೂಡಲೇ ತುಂಬು ಬಸುರಿಯ ಹಾಗೆ ಹೆಜ್ಜೆ ಹಾಕುತ್ತದೆ.

ಒಂದು ದಿನ ಆಫೀಸಿನಲ್ಲಿ ಇದನ್ನೇ ಹೇಳಿ ಗೊಣಗಿದೆ. ನಿವೃತ್ತಿಗೆ ಹತ್ತಿರವಿದ್ದ ಸಹೋದ್ಯೋಗಿಯೊಬ್ಬರು ಟೀ ಕಪ್ ಕೆಳಗಿಟ್ಟು, "ಎಪ್ಪತ್ತೈದರಲ್ಲಿ ಒಂದು ರೈಲು ನಿಧಾನ ಮಾಡಲಿಲ್ಲ" ಅಂದರು. ಅಷ್ಟೇ ಹೇಳಿದ್ದು. ಉಳಿದದ್ದನ್ನು ನಾನೇ ಹುಡುಕಿ ಓದಿದೆ.

1975ರ ಫೆಬ್ರವರಿ 28, ಶುಕ್ರವಾರ. ಬೆಳಿಗ್ಗೆ 8.46. ಆರು ಬೋಗಿಗಳ ರೈಲು, ತುಂಬಾ ಆಫೀಸಿಗೆ ಹೊರಟ ಜನ. ಮೂರ್‌ಗೇಟಿನ ಒಂಬತ್ತನೇ ಪ್ಲಾಟ್‌ಫಾರ್ಮಿಗೆ ಬಂದ ರೈಲು ನಿಲ್ಲಲೇ ಇಲ್ಲ. ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಪ್ಲಾಟ್‌ಫಾರ್ಮ್ ದಾಟಿ, ಮುಂದಿದ್ದ, ಕೊನೆ ಮುಚ್ಚಿದ 20 ಮೀಟರಿನ ಕುರುಡು ಸುರಂಗಕ್ಕೆ ನುಗ್ಗಿತು. ಅಲ್ಲಿ ಮರಳು ಹಾಸಿದ್ದರು, ತಡೆಯೂ ಇತ್ತು. ಎರಡೂ ಸಾಲಲಿಲ್ಲ. 16 ಮೀಟರ್ ಉದ್ದದ ಮೊದಲ ಬೋಗಿ ಮುದುಡಿ 6 ಮೀಟರ್ ಆಯಿತು. ಚಾಲಕನೂ ಸೇರಿ ಸತ್ತವರು 43 ಮಂದಿ. ಆ ಕಗ್ಗತ್ತಲಲ್ಲಿ, ಬೆವರಿಳಿಸುವ ಸೆಕೆಯಲ್ಲಿ ಅಗ್ನಿಶಾಮಕದವರು ತೆವಳಿಕೊಂಡು ಹೋಗಿ ಒಬ್ಬೊಬ್ಬರನ್ನೇ ಹೊರಗೆ ತಂದರು. ಚಾಲಕನ ಶವ ಕೈಗೆ ಸಿಕ್ಕಿದ್ದು ಮಾರ್ಚ್ 4ರಂದು.

ನನ್ನನ್ನು ಕಾಡಿದ್ದು ಅವನೇ. 56 ವರ್ಷ. ಕೈ ಇನ್ನೂ ಹಿಡಿಕೆಯ ಮೇಲೇ ಇತ್ತಂತೆ. ಆ ಹಿಡಿಕೆಯಿಂದ ಕೈ ತೆಗೆದರೆ ಸಾಕು, ಬ್ರೇಕ್ ತಾನಾಗಿ ಬೀಳುತ್ತಿತ್ತು. ಡಿಕ್ಕಿ ಹೊಡೆಯುವ ಮುಂಚೆ ಮುಖಕ್ಕೆ ಕೈ ಅಡ್ಡ ಹಿಡಿದ ಗುರುತೂ ಇರಲಿಲ್ಲ. ಜೇಬಿನಲ್ಲಿ 270 ಪೌಂಡ್ ಸಿಕ್ಕಿತು. ಡ್ಯೂಟಿ ಮುಗಿದ ಮೇಲೆ ಮಗಳಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಇಟ್ಟುಕೊಂಡ ದುಡ್ಡು! ರೈಲಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಸರ್ಕಾರದ ಕಡೆಯಿಂದ ತನಿಖೆ ಮಾಡಿದ ಮೆಕ್‌ನಾಟನ್, ಬ್ರೇಕ್ ಹಾಕದೆ ಹೋದದ್ದು ಚಾಲಕನೇ, ಯಾಕೆ ಅಂತ ಮಾತ್ರ ಹೇಳಲಾಗದು ಅನ್ನುವಲ್ಲಿಗೆ ನಿಲ್ಲಿಸಿದರು. ಊಹೆಗಳಿಗೇನು, ಇವತ್ತಿಗೂ ಬರವಿಲ್ಲ.

ಚಾಲಕನ ತಪ್ಪು ಅಂತ ಬರೆದು ಫೈಲ್ ಮುಚ್ಚಿಬಿಡಬಹುದಿತ್ತು. ಸತ್ತವನು ಎದ್ದು ಬಂದು ಜಗಳ ಆಡ್ತಾನಾ? ರೈಲ್ವೆಯವರು ಹಾಗೆ ಮಾಡಲಿಲ್ಲ, ಅದು ನನಗೆ ಹಿಡಿಸಿತು. ಚಾಲಕ ಮೈಮರೆತರೂ, ಮೂರ್ಛೆ ಹೋದರೂ, ಬೇಕಂತಲೇ ಮಾಡಿದರೂ ರೈಲು ನಿಲ್ಲಬೇಕು ಅಂತ ಹೊರಟರು. ಲಂಡನ್ ಸುರಂಗ ರೈಲಿನಲ್ಲಿ ಹಳಿಯ ಪಕ್ಕ ಒಂದು ಕಬ್ಬಿಣದ ತೋಳು ಇರುತ್ತಿತ್ತು, ಕೆಲವು ಮಾರ್ಗಗಳಲ್ಲಿ ಈಗಲೂ ಇದೆ. ಅದು ಎದ್ದು ನಿಂತಿರುವಾಗ ರೈಲು ಹಾದರೆ, ಬೋಗಿಯ ಅಡಿಯ ಕೀಲಿಗೆ ತಗುಲಿ ತುರ್ತು ಬ್ರೇಕ್ ಬೀಳುತ್ತದೆ. ಮೊದಲು ಅದರ ಕೆಲಸ ಕೆಂಪು ದೀಪ ದಾಟುವವರನ್ನು ತಡೆಯುವುದು. ಈ ಅಪಘಾತದ ನಂತರ ಹಳಿ ಮುಗಿಯುವ ನಿಲ್ದಾಣಗಳಲ್ಲಿ ಅದಕ್ಕೆ ಗಡಿಯಾರ ಕಟ್ಟಿದರು. ರೈಲು ಸಾಕಷ್ಟು ನಿಧಾನವಾಗಿ ಬಂದರೆ ಮಾತ್ರ ತೋಳು ಮಲಗುತ್ತದೆ. ಜೋರಾಗಿ ಬಂದರೆ ಬ್ರೇಕ್. ರೈಲ್ವೆಯವರು ಇವತ್ತಿಗೂ ಇದನ್ನು ಕರೆಯೋದು 'ಮೂರ್‌ಗೇಟ್ ಕಂಟ್ರೋಲ್' ಅಂತಲೇ.

ಮೊನ್ನೆ ಮೈಸೂರಿನಿಂದ ಹೊಸದಾಗಿ ಬಂದ ಹುಡುಗ ಜೊತೆಗಿದ್ದ. ರೈಲು ತೆವಳತೊಡಗಿತು. "ಏನಣ್ಣಾ ಇದು, ಎತ್ತಿನ ಗಾಡಿ!" ಅಂದ. ಇಳಿದ ಮೇಲೆ ಅಲ್ಲೇ ಹತ್ತಿರದ ಫಿನ್ಸ್‌ಬರಿ ಸ್ಕ್ವೇರಿಗೆ ಕರೆದುಕೊಂಡು ಹೋದೆ. ಮೂಲೆಯಲ್ಲಿ ಸತ್ತವರ ನೆನಪಿಗೆ ಒಂದು ಕಲ್ಲಿದೆ. ಅದನ್ನು ನಿಲ್ಲಿಸಿದ್ದೂ 2013ರಲ್ಲಿ, ಅಷ್ಟು ವರ್ಷ ಬೇಕಾಯಿತು. ಕಿವಿಯಿಂದ ಇಯರ್‌ಫೋನ್ ತೆಗೆದು ನಿಂತು ಓದಿದ.

"ಯಾಕಣ್ಣಾ ಬ್ರೇಕ್ ಹಾಕಲಿಲ್ಲ ಅವನು?"

"ಗೊತ್ತಿಲ್ಲ ಕಣೋ" ಅಂದೆ. ಆಫೀಸಿಗೆ ಹೊತ್ತಾಗಿತ್ತು.