ಉತ್ತರ ಸಿಗದ ಪ್ರಶ್ನೆಗೂ ಪುಟದಲ್ಲಿ ಜಾಗ ಬೇಕು

ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಉಗ್ರರ ನೆಲೆಗಳ ಮೇಲೆ ಭಾರತದ ಸೇನಾ ಕಾರ್ಯಾಚರಣೆ ‘ಆಪರೇಷನ್ ಸಿಂಧೂರ’ ನಡೆದಾಗ ಯಾವ ಅಧಿಕಾರಿಯೂ ನಮ್ಮ ಕಚೇರಿಗೆ ಬಂದು ಪುಟ ತೋರಿಸಿ ಎನ್ನಲಿಲ್ಲ. ಆದರೆ ಏಪ್ರಿಲ್ 26ರಂದೇ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಸೂಚನೆ ಹೊರಬಿದ್ದಿತ್ತು: ಸೇನಾ ಕಾರ್ಯಾಚರಣೆಯ ನೇರಪ್ರಸಾರ ಬೇಡ, ಹೆಸರು ಹೇಳದ ‘ಮೂಲಗಳ’ ಆಧಾರದ ವರದಿಯೂ ಬೇಡ.

ನೇರಪ್ರಸಾರದ ನಿರ್ಬಂಧವನ್ನು ನಾನು ಮನಸಾರೆ ಒಪ್ಪುತ್ತೇನೆ. 2008ರ ಮುಂಬೈ ದಾಳಿಯ ವೇಳೆ ಗಡಿಯಾಚೆ ಕುಳಿತವರು ನಮ್ಮ ಟಿ.ವಿ. ನೋಡಿಕೊಂಡೇ ದಾಳಿಕೋರರಿಗೆ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದರು. 2012ರ ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕಾಗಿ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. ನನಗೆ ತೊಡಕೆನಿಸಿದ್ದು ಸೂಚನೆಯ ಇನ್ನರ್ಧ. ಮೂಲಗಳನ್ನು ಬಿಟ್ಟರೆ ಉಳಿಯುವುದು ಅಧಿಕೃತ ಸುದ್ದಿಗೋಷ್ಠಿ ಒಂದೇ. ಆ ಸೂಚನೆಯಾದರೂ ಎಲ್ಲರಿಗೂ ಒಂದೇ ರೀತಿ ಅನ್ವಯವಾಯಿತೇ? ಮೇ 8ರ ರಾತ್ರಿ ಕರಾಚಿ ಬಂದರು ಧ್ವಂಸವಾಯಿತೆಂಬ ಸುಳ್ಳು ಹಲವು ವಾಹಿನಿಗಳಲ್ಲಿ ಅಬ್ಬರಿಸಿತು. ಮರುದಿನ ತಡೆ ಬಿದ್ದದ್ದು ‘ದಿ ವೈರ್’ ಸುದ್ದಿ ಜಾಲತಾಣಕ್ಕೆ. ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯುವಂತೆ ಸರ್ಕಾರ ಆದೇಶಿಸಿದೆ ಎಂದು ‘ಎಕ್ಸ್’ ಸಂಸ್ಥೆ ಹೇಳಿತು. ಇದನ್ನು ದೇಶದ ಭದ್ರತೆ ಎಂದು ಒಪ್ಪಲು ನನಗೆ ಸಾಧ್ಯವಾಗುವುದಿಲ್ಲ.

ಡೆಸ್ಕಿನಲ್ಲಿ ನಿಜವಾದ ಪರೀಕ್ಷೆ ಎದುರಾದದ್ದು ಮೇ 11ರಂದು. ಐದು ಭಾರತೀಯ ವಿಮಾನಗಳನ್ನು ಉರುಳಿಸಿದ್ದೇವೆ ಎಂದು ಪಾಕಿಸ್ತಾನ ಮೇ 7ರಂದೇ ಹೇಳಿಕೊಂಡಿತ್ತು. ಸುದ್ದಿಗೋಷ್ಠಿಯಲ್ಲಿ ಆ ಬಗ್ಗೆ ಕೇಳಿದಾಗ ಏರ್ ಮಾರ್ಷಲ್ ಎ.ಕೆ. ಭಾರ್ತಿ, ಸಂಘರ್ಷದಲ್ಲಿ ನಷ್ಟ ಸಹಜ, ನಮ್ಮ ಪೈಲಟ್‌ಗಳೆಲ್ಲ ಮರಳಿದ್ದಾರೆ ಎಂದರು. ಸಂಖ್ಯೆ ಹೇಳಲಿಲ್ಲ. ಈ ಸಾಲನ್ನು ಎಲ್ಲಿಡಬೇಕು? ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ವರದಿಯ ಬಾಲಕ್ಕೆ. ಅಲ್ಲಿಗೆ ತಳ್ಳಿದರೆ ಯಾರೂ ಬಾಯಿ ಮುಚ್ಚಿಸದೆಯೇ ಪ್ರಶ್ನೆ ಮಾಯವಾಗುತ್ತದೆ. ‘ಕೇಳಲಾಯಿತು, ಸಂಖ್ಯೆ ನೀಡಲಿಲ್ಲ’ ಎಂಬುದು ಎರಡನೇ ಪ್ಯಾರಾದಲ್ಲೇ ಇರಬೇಕೆಂಬುದು ನನ್ನ ಹಟ. ವಿಮಾನಗಳನ್ನು ಕಳೆದುಕೊಂಡದ್ದು ನಿಜ ಎಂದು ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿದ್ದು ಮೇ 31ರಂದು, ಅದೂ ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಯ ಮುಂದೆ. ತೆರಿಗೆ ಕಟ್ಟಿ ಆ ವಿಮಾನಗಳನ್ನು ಕೊಂಡವರು ನಮ್ಮ ಓದುಗರು. ಅವರು ಇದನ್ನು ಮೂರನೆಯವರ ಬಾಯಿಂದ ಕೇಳಬೇಕಾಯಿತು ಎಂಬ ನೋವು ನನಗೆ ಇಂದಿಗೂ ಇದೆ.

ಗಡಿಯ ವಿಷಯದಲ್ಲಿ ನಾವು ಅಧಿಕಾರಿಗಳ ಮಾತನ್ನೇ ನೆಚ್ಚಬೇಕಾಗುತ್ತದೆ, ನಿಜ. ಬೆಳಗಾವಿಯ ವಿಷಯಕ್ಕೆ ಆ ನೆಪ ನಡೆಯದು. ಕಾರ್ಯಾಚರಣೆಯ ವಿವರವನ್ನು ಸುದ್ದಿಗೋಷ್ಠಿಯಲ್ಲಿ ನೀಡಿದ್ದ ಸೇನಾಧಿಕಾರಿ ಕರ್ನಲ್ ಸೋಫಿಯಾ ಖುರೇಷಿ ಅವರ, ಬೆಳಗಾವಿ ಜಿಲ್ಲೆಯಲ್ಲಿರುವ ಅತ್ತೆ–ಮಾವನ ಮನೆ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಹರಡಿದಾಗ ಅದು ಸುಳ್ಳೆಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದರು. ಇಂಥ ಸುದ್ದಿ ಪರಿಶೀಲಿಸಲು ಕನ್ನಡ ಪತ್ರಿಕೆಗೆ ದೆಹಲಿಯ ಅಪ್ಪಣೆ ಬೇಡ. ಜಿಲ್ಲೆಯಲ್ಲಿರುವ ವರದಿಗಾರನಿಗೆ ಒಂದು ಫೋನ್ ಸಾಕು.

ಹೊಸದಾಗಿ ಡೆಸ್ಕಿಗೆ ಬಂದವರಿಗೆ ನಾನು ಕಲಿಸುವುದು ಇಷ್ಟು. ಹೇಳಿದವರು ಯಾರೆಂಬುದು ತಲೆಬರಹದಲ್ಲೇ ಇರಲಿ, ನಮ್ಮ ಸರ್ಕಾರವಾದರೂ ಸರಿ, ಪಾಕಿಸ್ತಾನದ್ದಾದರೂ ಸರಿ. ಉತ್ತರ ಬಾರದ ಪ್ರಶ್ನೆಯನ್ನು ಕತ್ತರಿಸಬೇಡಿ. ಜಾಗ ಸಾಲದಿದ್ದರೆ ಕ್ಷಿಪಣಿಯ ಚಿತ್ರವನ್ನು ಒಂದು ಕಾಲಂ ಕಿರಿದು ಮಾಡಿ.