ನಾಲ್ಕು ವಾರದ ಕೋರ್ಸು, ಒಂದು ರಾಗಿಮುದ್ದೆ

ನಿನ್ನೆ ರಾತ್ರಿ ಇನ್ನೊಂದು ಬ್ಯಾಚ್ ಮುಗಿಯಿತು. ನಾಲ್ಕು ವಾರದ ಆನ್‌ಲೈನ್ ಕೋರ್ಸು, ವಿಷಯ ಭಿನ್ನರಾಶಿ. ಮೂವತ್ತೆರಡು ಜನ ಟೀಚರ್‌ಗಳಿದ್ದರು, ಹೆಚ್ಚಿನವರು ಮಂಡ್ಯ ಜಿಲ್ಲೆಯವರು, ಉಳಿದವರು ಹುಣಸೂರು, ಟಿ. ನರಸೀಪುರದ ಕಡೆಯವರು. ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಕೂತು ನಡೆಸುತ್ತೇನೆ. ವಾರಕ್ಕೆ ಎರಡು ಚಿಕ್ಕ ವಿಡಿಯೋ, ಓದೋಕೆ ಎರಡು ಪುಟ, ತರಗತಿಯಲ್ಲಿ ಮಾಡಿ ನೋಡೋಕೆ ಒಂದು ಕೆಲಸ. ಆಮೇಲೆ ಬರಹದಲ್ಲೇ ಚರ್ಚೆ. ಯಾರಿಗೆ ಯಾವಾಗ ಬಿಡುವಾಗುತ್ತೋ ಆಗ ಬಂದು ಬರೆಯುತ್ತಾರೆ.

"ವಿಡಿಯೋ ಎಲ್ಲ ಮೊದಲೇ ರೆಡಿ ಇರುತ್ತಲ್ವಾ, ನಿಮಗೇನು ಕೆಲಸ ಅಲ್ಲಿ?" ಅಂತ ತುಂಬಾ ಜನ ಕೇಳುತ್ತಾರೆ. ಉತ್ತರ ಬರೆಯುವುದೇ ನನ್ನ ಕೆಲಸ. ದಿನಕ್ಕೆ ಒಂದೂವರೆ ಗಂಟೆ, ಮೊದಲ ಮೂರು ದಿನ ಮಾತ್ರ ಅದರ ಎರಡರಷ್ಟು. ಆ ಮೂರು ದಿನದಲ್ಲಿ ಒಬ್ಬ ಟೀಚರ್ ಬರೆದ ಮೊದಲ ನಾಲ್ಕು ಸಾಲಿಗೆ ಯಾರೂ ಏನೂ ಹೇಳದಿದ್ದರೆ ಅವರು ಮತ್ತೆ ಬರೆಯುವುದಿಲ್ಲ. ವಿಡಿಯೋ ನೋಡುತ್ತಾರೆ, ಪ್ರಶ್ನೆಗೆ ಟಿಕ್ ಮಾಡುತ್ತಾರೆ, ಸರ್ಟಿಫಿಕೇಟ್ ತಗೊಳ್ಳುತ್ತಾರೆ. ಅಷ್ಟೇ.

ನಮ್ಮಲ್ಲಿ ತರಬೇತಿ ಕೊಡುವವರಿಗೆ ಸಂಪನ್ಮೂಲ ವ್ಯಕ್ತಿ ಅಂತ ಹೆಸರು, ಬಾಯಲ್ಲಿ ಆರ್‌ಪಿ. ಸಂಪನ್ಮೂಲ ಎಲ್ಲ ಒಬ್ಬರ ಹತ್ತಿರವೇ ಇದೆ, ಉಳಿದವರು ತುಂಬಿಸಿಕೊಂಡು ಹೋಗಬೇಕು ಅನ್ನುವ ಹಾಗೆ ಕೇಳುತ್ತೆ ಆ ಪದ. ನನಗೆ ಇಷ್ಟವಾದ ಪದ ಸುಗಮಕಾರ, ಅಂದರೆ ಕಲಿಯುವ ದಾರಿಯನ್ನು ಸುಲಭ ಮಾಡಿಕೊಡುವವರು. ನಲಿಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ. ಅಲ್ಲಿ ಪಾಠ ಮಾಡಿದವರಿಗೆ ಈ ಪದ ಗೊತ್ತಿರುತ್ತೆ. ನಲಿಕಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಟೀಚರ್ ಕಲಿಯುವುದು ಇನ್ನೊಬ್ಬ ಟೀಚರ್‌ನಿಂದ ಅಂತ ನಾನು ನಂಬಿರುವುದಕ್ಕೆ ನನ್ನೂರಿನಲ್ಲೇ ಇಂಥ ಉದಾಹರಣೆ ಇದೆ.

ಆನ್‌ಲೈನ್ ತರಬೇತಿ ನಮ್ಮ ಟೀಚರ್‌ಗಳಿಗೆ ಹೊಸದೇನಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ ನಿಷ್ಠಾ, ಸರ್ಕಾರದ್ದೇ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾಗೆ ಬಂದಾಗ ಹದಿನೆಂಟು ಮಾಡ್ಯೂಲ್‌ಗಳನ್ನು ಮೊಬೈಲಿನಲ್ಲೇ ಮುಗಿಸಿದವರು ಇವರು. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಇರಬೇಕು ಅಂತ ಅದೇ ವರ್ಷದ ಶಿಕ್ಷಣ ನೀತಿ ಹೇಳುತ್ತೆ. ಅಷ್ಟೊಂದು ಟೀಚರ್‌ಗಳನ್ನು ಒಟ್ಟಿಗೆ ತಲುಪೋಕೆ ಆನ್‌ಲೈನೇ ದಾರಿ. ಮೂವತ್ತು ಜನರ ಚಿಕ್ಕ ಕೋರ್ಸಿನಲ್ಲಿ ಮಾತ್ರ ಆಗುವಂಥದ್ದು ಇನ್ನೊಂದಿದೆ. ಬರೆದವರನ್ನು ಹೆಸರು ಹಿಡಿದು ಮಾತಾಡಿಸಬಹುದು.

ನನ್ನ ಮೊದಲ ಬ್ಯಾಚ್‌ನಲ್ಲಿ ಒಂದು ತಪ್ಪು ಮಾಡಿದ್ದೆ. ಶುರುವಿನ ಪ್ರಶ್ನೆಯಾಗಿ "ನಿಮ್ಮ ಬೋಧನಾ ತತ್ವವನ್ನು ವಿವರಿಸಿ" ಅಂತ ಹಾಕಿದ್ದೆ. ಇಪ್ಪತ್ತಾರು ಉತ್ತರ ಬಂದವು. ಅದರಲ್ಲಿ ಹನ್ನೊಂದು ಅಕ್ಷರಶಃ ಒಂದೇ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬರು ಬರೆದದ್ದನ್ನು ಎಲ್ಲರೂ ಹಾಕಿದ್ದರು. ಆ ರಾತ್ರಿ ನನಗೆ ಬೇಜಾರಾಯಿತು. ಬೆಳಿಗ್ಗೆ ಎದ್ದು ಪ್ರಶ್ನೆಯನ್ನೇ ಓದಿ ನೋಡಿದೆ. ಅಂಥ ಪ್ರಶ್ನೆಗೆ ಬೇರೆ ಇನ್ನೇನು ಬರೆಯಬೇಕಿತ್ತು ಅವರು? ಈಗ ಹೀಗೆ ಕೇಳುತ್ತೇನೆ: "ಭಿನ್ನರಾಶಿ ಬೋರ್ಡಿನ ಮೇಲೆ ಬಂದ ತಕ್ಷಣ ತಲೆ ತಗ್ಗಿಸುವ ಒಂದು ಮಗು ನಿಮ್ಮ ತರಗತಿಯಲ್ಲಿದೆ ಅಲ್ವಾ? ಹೆಸರು ಬೇಡ, ಆ ಮಗುವಿನ ಬಗ್ಗೆ ನಾಲ್ಕು ಸಾಲು ಬರೆಯಿರಿ." ಇದಕ್ಕೆ ಕಾಪಿ ಮಾಡಿದ ಉತ್ತರ ಈವರೆಗೆ ಒಂದೂ ಬಂದಿಲ್ಲ.

ವಾರದ ಬರಹಕ್ಕೆ ಕೊಡುವ ಕೊನೆಯ ದಿನವನ್ನೂ ಬದಲಾಯಿಸಿದೆ. ಭಾನುವಾರ ರಾತ್ರಿ ಅಂತ ಇಡುತ್ತಿದ್ದೆ. ಭಾನುವಾರ ಅಂದರೆ ಮನೆಗೆಲಸ, ಮದುವೆ, ನಾಮಕರಣ. ನಮ್ಮ ಟೀಚರ್‌ಗಳು ಬರೆಯುವುದು ಶನಿವಾರ ಬೆಳಗಿನ ಶಾಲೆ ಮುಗಿಸಿ ಊಟ ಆದ ಮೇಲೆ, ಇಲ್ಲ ಅಂದರೆ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಈಗ ಮಂಗಳವಾರಕ್ಕೆ ಇಟ್ಟಿದ್ದೇನೆ. ಚುನಾವಣೆ ಕೆಲಸ, ಗಣತಿ, ಸ್ಯಾಟ್ಸ್ ಎಂಟ್ರಿ (ಮಕ್ಕಳ ಮಾಹಿತಿಯನ್ನು ಸರ್ಕಾರದ ಆನ್‌ಲೈನ್ ವ್ಯವಸ್ಥೆಗೆ ತುಂಬುವ ಕೆಲಸ) ಬಂದರೆ ಅದೂ ಮುಂದಕ್ಕೆ ಹೋಗುತ್ತೆ, ಹೋಗಲಿ.

ಈ ಸಲದ ಒಂದು ವಿಷಯ ಹೇಳಲೇಬೇಕು. ಮಳವಳ್ಳಿ ಕಡೆಯ ಒಬ್ಬ ಮೇಡಂ ಹತ್ತು ದಿನ ಏನೂ ಬರೆಯಲಿಲ್ಲ. ದಿನಾ ಬಂದು ಓದುತ್ತಿದ್ದರು, ಅದು ನನಗೆ ಕಾಣುತ್ತೆ. ಸುಮ್ಮನೆ ಓದುವವರನ್ನು ನಾನು ಎಲ್ಲರ ಮುಂದೆ ಕರೆಯುವುದಿಲ್ಲ. "ನೀವು ಓದುತ್ತಿದ್ದೀರಿ, ಖುಷಿಯಾಯಿತು. ಬರೆಯೋಕೆ ಕಷ್ಟ ಅನ್ನಿಸಿದರೆ ಮಾತಾಡಿ ಕಳಿಸಿ" ಅಂತ ಅವರೊಬ್ಬರಿಗೇ ಒಂದು ಮೆಸೇಜ್ ಹಾಕಿದೆ. ಹನ್ನೊಂದನೇ ದಿನ ರಾತ್ರಿ ಒಂದು ವಾಯ್ಸ್ ನೋಟ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ಅವರ ಐದನೇ ತರಗತಿಯಲ್ಲಿ ಹೆಚ್ಚಿನ ಮಕ್ಕಳು ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಅನ್ನುತ್ತಿದ್ದರಂತೆ. ಮೂರಕ್ಕಿಂತ ನಾಲ್ಕು ದೊಡ್ಡದು, ಅದಕ್ಕೆ. ಈ ತಪ್ಪು ಎಲ್ಲ ತರಗತಿಯಲ್ಲೂ ಇದೆ, ಕೋರ್ಸಿನ ಎರಡನೇ ವಿಡಿಯೋ ಇದರ ಬಗ್ಗೆಯೇ. ವಿಡಿಯೋದಲ್ಲಿ ಪಿಜ್ಜಾ ಚಿತ್ರ ಇತ್ತು. ಇವರು ಪಿಜ್ಜಾ ಬಿಟ್ಟು, ಮನೇಲಿ ಒಂದು ಮುದ್ದೆಯನ್ನು ಮೂರು ಜನಕ್ಕೆ ಹಂಚಿದರೆ, ಅದೇ ಮುದ್ದೆಯನ್ನು ನಾಲ್ಕು ಜನಕ್ಕೆ ಹಂಚಿದರೆ ಯಾವಾಗ ಜಾಸ್ತಿ ಸಿಗುತ್ತೆ ಅಂತ ಕೇಳಿದರಂತೆ. ಯಾವಾಗಲೂ ಬಾಯಿ ಬಿಡದ ಒಬ್ಬ ಹುಡುಗ ಹಿಂದಿನಿಂದ ಹೇಳಿದನಂತೆ: "ನಾಕ್ ಜನ ಆದ್ರೆ ಪುಟ್ ಚೂರ್ ಬತ್ತದೆ ಮಿಸ್, ಮೂರ್ ಜನ ಆದ್ರೇ ವಾಸಿ."

ಅವರ ಒಪ್ಪಿಗೆ ಕೇಳಿ ಅದನ್ನು ಬರಹಕ್ಕೆ ಇಳಿಸಿ ಚರ್ಚೆಗೆ ಹಾಕಿದೆ. ನಾನು ಒಂದು ಮಾತೂ ಸೇರಿಸಲಿಲ್ಲ. ಮೊದಲು ಪಾಂಡವಪುರದ ಒಬ್ಬ ಸರ್ ಬಂದರು. "ಮುದ್ದೆ ಸಮ ಭಾಗ ಆಗಲ್ವಲ್ಲ ಮೇಡಂ, ಭಿನ್ನರಾಶಿಯಲ್ಲಿ ಸಮ ಭಾಗ ಮುಖ್ಯ" ಅಂದರು. ಒಳ್ಳೆಯ ಪ್ರಶ್ನೆ, ಗಣಿತದ ತಿರುಳನ್ನೇ ಹಿಡಿದ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು, ಬರೆಯೋಕೆ ಬೆರಳು ಹೋಗುತ್ತಿತ್ತು, ಆದರೂ ತಡೆದುಕೊಂಡೆ. ಮಾರನೇ ದಿನ ಮೇಡಂ ಅವರೇ ಬರೆದರು, ಈ ಸಲ ಟೈಪ್ ಮಾಡಿ. ಒಂದೇ ಉದ್ದದ ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರಾಗಿ ಇನ್ನೊಂದನ್ನು ನಾಲ್ಕಾಗಿ ಮಡಚಿಸಿ, ಒಂದರ ಕೆಳಗೆ ಒಂದು ಇಟ್ಟು ನೋಡಿಸಿದರಂತೆ. ನಾಲ್ಕಾಗಿ ಮಡಚುವುದು ಸಲೀಸು, ಅರ್ಧದ ಅರ್ಧ. ಮೂರಾಗಿ ಮಡಚೋಕೆ ಮಕ್ಕಳು ಒದ್ದಾಡಿದರಂತೆ. ಅದಕ್ಕೆ ಇನ್ನೊಬ್ಬರು ಉಪಾಯ ಹೇಳಿದರು: ಹನ್ನೆರಡು ಸೆಂಟಿಮೀಟರ್ ಪಟ್ಟಿ ಕೊಡಿ, ಸ್ಕೇಲಿನಲ್ಲಿ ನಾಲ್ಕು ನಾಲ್ಕಕ್ಕೆ ಗುರುತು ಹಾಕಿಸಿ. ಆ ಒಂದು ಮಾತಿಗೆ ಇಪ್ಪತ್ಮೂರು ಉತ್ತರ ಬಂದವು. ಶುಕ್ರವಾರ ನಾನು ಮಾಡಿದ್ದು ಇಷ್ಟೇ: ಯಾರು ಏನು ಹೇಳಿದರು ಅಂತ ಹೆಸರು ಸಮೇತ ಅರ್ಧ ಪುಟಕ್ಕೆ ಕಟ್ಟಿಟ್ಟೆ. ಪ್ರತಿ ವಾರ ಹೀಗೆ ಬರೆಯುವುದಕ್ಕೆ ವಾರದ ಬುತ್ತಿ ಅಂತ ಕರೆಯುತ್ತೇವೆ. ತಡವಾಗಿ ಬಂದವರು ಅದನ್ನು ಓದಿದರೆ ಸಾಕು, ಸೇರಿಕೊಳ್ಳಬಹುದು.

ಸರ್ಟಿಫಿಕೇಟ್‌ಗೋಸ್ಕರ ಬರುತ್ತಾರೆ ಅಂತ ಟೀಚರ್‌ಗಳ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕೇಳಿದ್ದೇನೆ. ಬರಲಿ. ಈ ಮೇಡಂ ಕೂಡ ಅದಕ್ಕೇ ಬಂದವರು, ಅವರೇ ಹೇಳಿದರು. ಬಂದ ಮೇಲೆ ಅವರಿಗೆ ಏನು ಸಿಕ್ಕಿತು ಅನ್ನುವುದು ನಮ್ಮ ಜವಾಬ್ದಾರಿ.

ಇವತ್ತು ಬೆಳಿಗ್ಗೆ ಏಳಕ್ಕೆ ಫೋನ್ ನೋಡಿದರೆ ಅವರದೇ ಮೆಸೇಜ್. ಕೋರ್ಸು ಮುಗಿದಿದೆ ಅಂತ ಅವರಿಗೂ ಗೊತ್ತು. ಬೆಂಚಿನ ಮೇಲೆ ಎರಡು ಪಟ್ಟಿ ಇಟ್ಟಿರುವ ಫೋಟೋ, ಒಂದು ಅರ್ಧ, ಇನ್ನೊಂದು ನಾಲ್ಕನೇ ಎರಡು. "ಎರಡೂ ಒಂದೇ ಉದ್ದ ಅಂತ ಆ ಮುದ್ದೆ ಹುಡುಗನೇ ಅಳೆದ. ಆದ್ರೂ ಎರಡು ಚೂರು ಇರೋದೇ ಜಾಸ್ತಿ ಅಂತಾನೆ. ಏನು ಮಾಡಲಿ?" ಫೋಟೋ ಸಮೇತ ಪಾಂಡವಪುರದ ಸರ್‌ಗೆ ಕಳಿಸಲಾ ಅಂತ ಅವರನ್ನು ಕೇಳಿದ್ದೇನೆ.