ಚಿಕ್ಕಿ ಹಂಚಿದ ದಿನ

2022ರ ಆಗಸ್ಟ್ ತಿಂಗಳ ಮಧ್ಯಾಹ್ನ. ಕುಷ್ಟಗಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಬಿಸಿಯೂಟ ಮುಗಿದಿತ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣು ಅಂದು ಬಾರದ್ದರಿಂದ ಶೇಂಗಾ ಚಿಕ್ಕಿ ಹಂಚಿದ್ದೆ. ಹತ್ತು ನಿಮಿಷ ಕಳೆದಿರಲಿಲ್ಲ, ಮೂರನೇ ತರಗತಿಯ ಹುಡುಗಿಯೊಬ್ಬಳು ಕುತ್ತಿಗೆ ಕೆರೆದುಕೊಳ್ಳುತ್ತ ಬಂದು, "ಸರ್, ಗಂಟಲಾಗ ಏನೋ ಸಿಕ್ಕೊಂಡಂಗ ಆಗೇತ್ರಿ" ಎಂದಳು. ಮೊಣಕೈವರೆಗೆ ಗಂದೆಗಳು ಎದ್ದಿದ್ದವು. "ಪಿತ್ತ ಎದ್ದೈತ್ರಿ, ಕಂಬಳಿ ಹೊದಿಸಿದರ ಇಳಿತೈತಿ" ಎಂದರು ಅಡುಗೆಯವರು. ನಾನೂ ಹಾಗೆಯೇ ಎಣಿಸಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ, ತುರಿಕೆಗೆ ಕೊಡುವ ಸೆಟ್ರಿಜಿನ್ ಮಾತ್ರೆ ನುಂಗಿಸಿ ಕೂರಿಸಿದೆ. ಹಾಗೆ ಕಾದು ಕಳೆದ ಐದಾರು ನಿಮಿಷಗಳು ಇಂದಿಗೂ ನನ್ನನ್ನು ಬಾಧಿಸುತ್ತವೆ. ನೋಡನೋಡುತ್ತಿದ್ದಂತೆ ತುಟಿ ಬಾತುಕೊಂಡಿತು, ಧ್ವನಿ ಒಡೆಯಿತು, ಉಸಿರೆಳೆದಾಗಲೆಲ್ಲ ಸಿಳ್ಳೆಯಂಥ ಸದ್ದು ಬರತೊಡಗಿತು.

108 ವಾಹನ ದೂರದಲ್ಲಿತ್ತು. ಊರಿನವರ ಟಂಟಂನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಮುಟ್ಟಿ, ಅವಳನ್ನು ಕೈಹಿಡಿದು ನಡೆಸಿಕೊಂಡು ಒಳಗೆ ಹೋದೆ. ವೈದ್ಯರು ನೋಡಿದವರೇ ಅಡ್ರಿನಲಿನ್ ಔಷಧದ ಪುಟ್ಟ ಗಾಜಿನ ಸೀಸೆ ಮುರಿದು, ಇಪ್ಪತ್ತು ಕಿಲೋ ತೂಕಕ್ಕೆ 0.2 ಮಿಲಿಲೀಟರ್ ಎಳೆದುಕೊಂಡು, ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಿದರು. ಆಮೇಲೆ ನನ್ನತ್ತ ತಿರುಗಿ, "ಇಂಥಾ ಹೊತ್ತಿನ್ಯಾಗ ಎಬ್ಬಿಸಿ ನಿಲ್ಲಿಸಿದರ ಬಿ.ಪಿ. ಒಮ್ಮೆಲೇ ಬೀಳ್ತೈತ್ರಿ ಮಾಸ್ತರ, ಎತ್ಕೊಂಡು ಬರಬೇಕಿತ್ತು" ಎಂದು ಗದರಿದರು. ಇದು ತೀವ್ರ ಅಲರ್ಜಿ, ಇದರಲ್ಲಿ ಮಾತ್ರೆಯು ಗಂದೆ, ತುರಿಕೆಗಳನ್ನಷ್ಟೇ ತಗ್ಗಿಸುತ್ತದೆ, ಮುಚ್ಚಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ತೆರೆಸಿ ಕುಸಿಯುವ ರಕ್ತದೊತ್ತಡವನ್ನು ಹಿಡಿದು ನಿಲ್ಲಿಸಲು ಮೊದಲು ಬೇಕಾದದ್ದು ಅಡ್ರಿನಲಿನ್, ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಅದನ್ನೇ ಮತ್ತೊಮ್ಮೆ ಕೊಡಬೇಕು ಎಂಬುದನ್ನು ಅವರಿಂದಲೇ ತಿಳಿದೆ. ಬ್ರಿಟನ್ನಿನಲ್ಲಿ 2017ರಿಂದ ಶಾಲೆಗಳೇ ವೈದ್ಯರ ಚೀಟಿಯಿಲ್ಲದೆ ಪೆನ್ನಿನಾಕಾರದ ಅಡ್ರಿನಲಿನ್ ಚುಚ್ಚುಮದ್ದನ್ನು ಕೊಂಡಿಟ್ಟುಕೊಳ್ಳಬಹುದಂತೆ. ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಹತ್ತಿ, ಅಯೋಡಿನ್, ನಾಲ್ಕು ಬಗೆಯ ಮಾತ್ರೆ.

ಮಗುವಿನ ಉಸಿರು ತಿಳಿಯಾಯಿತು. ಆದರೂ ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸಬಹುದೆಂದು ರಾತ್ರಿಯವರೆಗೂ ಕಳುಹಿಸಲಿಲ್ಲ. ಹೊಲದಿಂದ ಓಡಿ ಬಂದ ತಾಯಿ ಮಗಳ ಕಾಲು ಸವರುತ್ತ, "ಸಣ್ಣಾಕಿ ಇದ್ದಾಗ ಶೇಂಗಾ ಹಿಂಡಿ ತಿಂದು ಮಾರಿ ಬಾತಿತ್ರಿ, ಅವತ್ತಿಂದ ಕೊಡೂದ ಬಿಟ್ಟೀವಿ. ಸಾಲ್ಯಾಗ ಯಾರೂ ಕೇಳಲಿಲ್ರಿ" ಎಂದರು.

ನಿಜ, ನಾನು ಕೇಳಿರಲಿಲ್ಲ. ಜಾತಿ, ಮಾತೃಭಾಷೆ, ಜನ್ಮದಿನಾಂಕ ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದ ದಾಖಲಾತಿ ಪುಸ್ತಕದಲ್ಲಿ ಮರುದಿನ ಬೆಳಿಗ್ಗೆ ಕೆಂಪು ಶಾಯಿಯಿಂದ ಇನ್ನೊಂದು ಕಲಂ ಎಳೆದು, "ಮೈಗೆ ಆಗದ ಆಹಾರ" ಎಂದು ಬರೆದು, ಒಂದನೇ ತರಗತಿಯಿಂದ ಮನೆಮನೆಗೆ ಹೋಗಿ ಕೇಳುತ್ತ ಬಂದೆ.